ಕಳಚಿ ಜೋಡಿಸುವ ಮರದ ಲಾಂಗ್‌ಬೋ: ತೋಳುಗಳಿಗೆ ಯಾವ ಪದಾರ್ಥ ಒಳ್ಳೆಯದು?

ಪ್ರಶ್ನೆ: ಕಳಚಿ ಜೋಡಿಸಬಹುದಾದ ಮರದ ಲಾಂಗ್‌ಬೋ (ಉದ್ದನೆಯ ಬಿಲ್ಲು) ಒಂದನ್ನು ಕೈಯಾರೆ ಮಾಡಬೇಕೆಂದಿದ್ದೇನೆ. ಒಟ್ಟು ಉದ್ದ 68 ಇಂಚು. 28 ಇಂಚು ಎಳೆದಾಗ ಎಳೆತದ ತೂಕ, ಅಂದರೆ ಹೆದೆಯನ್ನು ಅಲ್ಲಿ ಹಿಡಿದಿಡಲು ಬೇಕಾದ ಬಲ, 42 ಪೌಂಡ್ ಬರಬೇಕು. ನಡುವೆ 45 ಸೆಂಟಿಮೀಟರ್ ಉದ್ದದ ಬಾಗದ ಹಿಡಿ, ಅದರ ಎರಡು ತುದಿಗೂ ಬೋಲ್ಟ್ ಹಾಕಿ ಕೂರಿಸುವ ತೋಳುಗಳು ಎಂಬುದು ನನ್ನ ಯೋಜನೆ. ಮೇಪಲ್, ಹಿಕರಿ, ಈಪೆ ಮರಗಳು ಮತ್ತು ಬಿದಿರು ಇವುಗಳಲ್ಲಿ ತೋಳಿಗೆ ಯಾವುದು ಸೂಕ್ತ? ಒಳಪದರಕ್ಕೆ ಯಾವ ಮರ ಹಾಕಿದರೆ ಬಾಣದ ವೇಗ ಹೆಚ್ಚುತ್ತದೆ? ಫೈಬರ್‌ಗ್ಲಾಸ್ ಇಲ್ಲದೆ ಮಾಡಲು ಸಾಧ್ಯವೇ? ಕಾರ್ಬನ್ ಪಟ್ಟಿ ಸೇರಿಸಿದರೆ ಪ್ರಯೋಜನವಿದೆಯೇ?

ಉತ್ತರ: ನೀವು ಮೊದಲು ಮರದ ಹೆಸರು ಕೇಳಿದ್ದೀರಿ. ಆದರೆ ನಿಮ್ಮ ಬಿಲ್ಲಿನಲ್ಲಿ ತೋಳಿನ ಪದಾರ್ಥವನ್ನು ತೀರ್ಮಾನಿಸುವುದು ಆ 45 ಸೆಂಟಿಮೀಟರಿನ ಹಿಡಿ. ಆದ್ದರಿಂದ ಜೋಡಣೆಯ ಬಗೆಯನ್ನು ಮೊದಲು ನಿರ್ಧರಿಸಿ, ಆಮೇಲೆ ಮರ ಆರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಮೂರು ತುಂಡಿನ ರಚನೆಯನ್ನೂ ಅಷ್ಟುದ್ದದ ಹಿಡಿಯನ್ನೂ ಉಳಿಸಿಕೊಳ್ಳುವುದಾದರೆ, ಮೇಪಲ್ ಅಥವಾ ಬಿದಿರಿನ ಒಳಪದರದ ಎರಡೂ ಬದಿಗೆ ಫೈಬರ್‌ಗ್ಲಾಸ್ ಅಂಟಿಸಿದ ತೋಳು ಮಾಡಿ. ಗಾಜು (ಫೈಬರ್‌ಗ್ಲಾಸ್) ಬೇಡ, ಪೂರ್ತಿ ಮರದ್ದೇ ಬೇಕು ಎನ್ನುವುದಾದರೆ ಬೋಲ್ಟಿನ ರಚನೆಯನ್ನು ಕೈಬಿಟ್ಟು, ಹಿಡಿಯ ನಡುವೆ ಕೊಳವೆಯೊಳಗೆ ಸೇರಿಕೊಳ್ಳುವ ಎರಡು ತುಂಡಿನ ಬಿಲ್ಲು ಮಾಡಿ, ತೋಳಿಗೆ ಬಿದಿರಿನ ಬೆನ್ನು ಮತ್ತು ಈಪೆ ಅಥವಾ ಓಸೇಜ್ ಆರೆಂಜ್ ಮರದ ಒಡಲು ಕೊಡಿ. ಈ ಎರಡು ದಾರಿಗಳನ್ನು ಬೆರೆಸಬಾರದೆಂಬುದಕ್ಕೆ ಕಾರಣವನ್ನು ಲೆಕ್ಕದ ಸಮೇತ ವಿವರಿಸುತ್ತೇನೆ.

ಬಿಲ್ಲನ್ನು ಎಳೆದಾಗ ಗುರಿಯತ್ತ ಮುಖ ಮಾಡಿದ ಮೇಲ್ಮೈ ಹಿಗ್ಗುತ್ತದೆ. ಅದನ್ನು ಬೆನ್ನು ಎನ್ನೋಣ. ಬಿಲ್ಲುಗಾರನತ್ತ ಮುಖ ಮಾಡಿದ ಮೇಲ್ಮೈ ಕುಗ್ಗುತ್ತದೆ, ಅದು ಒಡಲು. ಎರಡರ ನಡುವೆ ಹಿಗ್ಗದ, ಕುಗ್ಗದ ಒಂದು ತೆಳುಮಟ್ಟ ಇರುತ್ತದೆ. ಮೇಲ್ಮೈ ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬುದನ್ನು ಕಂಡುಹಿಡಿಯುವುದು ಸುಲಭ: ತೋಳಿನ ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸಾಕು. ಈ ಪ್ರಮಾಣ ಶೇಕಡ 1ರ ಹತ್ತಿರ ಬಂದಾಗ ಬಿಲ್ಲಿಗೆ ಬಳಸುವ ಹೆಚ್ಚಿನ ಮರಗಳ ಒಡಲು ಸೋಲತೊಡಗುತ್ತದೆ. ನಾರುಗಳು ಒಳಗೊಳಗೇ ಮಡಿಸಿಕೊಂಡು, ಹೆದೆ ಇಳಿಸಿದ ಮೇಲೂ ತೋಳು ಬಾಗಿಯೇ ಉಳಿಯುತ್ತದೆ. ಇನ್ನೂ ಮುಂದುವರಿದರೆ ಒಡಲಿನ ಮೇಲೆ ಅಡ್ಡಡ್ಡ ಸುಕ್ಕುಗೆರೆಗಳು ಮೂಡುತ್ತವೆ. ಒಣಗಿದ, ಗಂಟಿಲ್ಲದ ಮರ ಎಳೆಯ ಉದ್ದಕ್ಕೆ ಎಳೆತವನ್ನು ತಾಳುವ ಶಕ್ತಿ, ಒತ್ತಡವನ್ನು ತಾಳುವ ಶಕ್ತಿಯ ಸುಮಾರು ಎರಡರಷ್ಟಿರುತ್ತದೆ. ಆದ್ದರಿಂದ ದೋಷವಿಲ್ಲದ ಮರದಲ್ಲಿ ಮೊದಲು ಸೋಲುವುದು ಒಡಲೇ. ಬೆನ್ನು ಸೋಲುವುದು ಸಾಮಾನ್ಯವಾಗಿ ಎಳೆಯ ದೋಷದಿಂದ, ಮತ್ತು ಸೋತಾಗ ಬಿಲ್ಲು ಒಂದೇ ಏಟಿಗೆ ಮುರಿಯುತ್ತದೆ.

ಈಗ ನಿಮ್ಮ ಅಳತೆಗಳನ್ನು ತೆಗೆದುಕೊಳ್ಳೋಣ. 68 ಇಂಚು ಎಂದರೆ ಸುಮಾರು 173 ಸೆಂಟಿಮೀಟರ್, ಅರ್ಧಕ್ಕೆ 86. ಸಾಧಾರಣ ಒಂದೇ ತುಂಡಿನ ಲಾಂಗ್‌ಬೋದಲ್ಲಿ ನಡುವಿನಿಂದ ಸುಮಾರು 10 ಸೆಂಟಿಮೀಟರ್ ಬಾಗುವುದಿಲ್ಲ, ತುದಿಯಲ್ಲಿ 6 ಸೆಂಟಿಮೀಟರ್ ಹೆಚ್ಚೇನೂ ಬಾಗುವುದಿಲ್ಲ. ಉಳಿದ 70 ಸೆಂಟಿಮೀಟರ್ ಕೆಲಸ ಮಾಡುತ್ತದೆ. ನಿಮ್ಮ ಯೋಜನೆಯಲ್ಲಿ ಅರ್ಧ ಹಿಡಿಗೆ 22 ಸೆಂಟಿಮೀಟರ್ ಹೋಯಿತು, ಅದರಾಚೆ ಬುಡದ ಬೆಣೆ (ತೋಳಿನ ಬುಡ ಬಾಗದಂತೆ ಪದರಗಳ ಜೊತೆ ಅಂಟಿಸುವ ತುಂಡು) ತೆಳುವಾಗುತ್ತ ಹೋಗಲು ಇನ್ನೊಂದು 10, ತುದಿಗೆ 6. ನಿಜವಾಗಿ ಬಾಗಲು ಉಳಿಯುವುದು 48 ಸೆಂಟಿಮೀಟರ್ ಮಾತ್ರ. ಪೂರ್ತಿ ಎಳೆದಾಗ ಪ್ರತಿ ತೋಳೂ ಒಟ್ಟು 60 ಡಿಗ್ರಿಯಷ್ಟು ಸಮನಾಗಿ ಬಾಗುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದರಲ್ಲಿ ಬಾಗಿನ ತ್ರಿಜ್ಯ 67 ಸೆಂಟಿಮೀಟರ್, ಎರಡನೆಯದರಲ್ಲಿ 46. ತೋಳಿನ ದಪ್ಪ 12 ಮಿಲಿಮೀಟರ್ ಇದ್ದರೆ ಮೇಲ್ಮೈಯ ಹಿಗ್ಗು-ಕುಗ್ಗು ಮೊದಲನೆಯದರಲ್ಲಿ ಶೇಕಡ 0.9, ನಿಮ್ಮದರಲ್ಲಿ ಶೇಕಡ 1.3. ಮೊದಲನೆಯದು ಒಳ್ಳೆಯ ಮರ ತಾಳಿಕೊಳ್ಳುವ ಮಟ್ಟ. ಎರಡನೆಯದು ಬಹುತೇಕ ಯಾವ ಮರದ ಒಡಲೂ ಬಹುಕಾಲ ತಾಳುವಂಥದ್ದಲ್ಲ. ತೋಳು ಗಿಡ್ಡವಾದಷ್ಟೂ ಅಷ್ಟೇ ಎಳೆತಕ್ಕೆ ಇನ್ನೂ ಹೆಚ್ಚು ಕೋನ ಬಾಗಬೇಕಾಗುವುದರಿಂದ ನಿಜಸ್ಥಿತಿ ಈ ಲೆಕ್ಕಕ್ಕಿಂತ ಸ್ವಲ್ಪ ಕಠಿಣವೇ ಇರುತ್ತದೆ.

ಹಾಗಾದರೆ ತೋಳನ್ನು ತೆಳು ಮಾಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಮಾಡಬಹುದು, 8 ಮಿಲಿಮೀಟರಿಗೆ ಇಳಿಸಿದರೆ ಹಿಗ್ಗು-ಕುಗ್ಗು ಮತ್ತೆ ಶೇಕಡ 0.9ರ ಆಸುಪಾಸಿಗೆ ಬರುತ್ತದೆ. ಆದರೆ ಕಳೆದುಹೋದ ಬಲವನ್ನು ಅಗಲದಿಂದ ತುಂಬಿಕೊಳ್ಳಬೇಕು. ಗಿಡ್ಡ ತೋಳಿನ ಬುಡಕ್ಕೆ ಬೀಳುವ ಹೊರೆ ಕಡಿಮೆಯಾಗುವುದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಗಲ ಕನಿಷ್ಠ ಒಂದೂವರೆ ಪಟ್ಟು ಆಗಬೇಕು. 38 ಮಿಲಿಮೀಟರ್ ಇದ್ದದ್ದು ಕನಿಷ್ಠ 57 ಆಗುತ್ತದೆ. ಅದು ಒಳ್ಳೆಯ ಚಪ್ಪಟೆ ಬಿಲ್ಲಾಗಬಹುದು, ಆದರೆ ನೀವು ಬಯಸಿದ ಲಾಂಗ್‌ಬೋದ ಸಪೂರ ತೋಳು ಅದಲ್ಲ. ಮರದ ಗುಣಕ್ಕೆ ತಕ್ಕಂತೆ ಆಕಾರವನ್ನು ಬದಲಿಸುವ ಈ ಜ್ಞಾನ ಬಹಳ ಹಳೆಯದು. ಡೆನ್ಮಾರ್ಕಿನ ಹೋಲ್ಮೆಗಾರ್ಡ್‌ನಲ್ಲಿ ಸಿಕ್ಕ, ಸುಮಾರು 9,000 ವರ್ಷ ಹಿಂದಿನ ಎಲ್ಮ್ ಮರದ ಬಿಲ್ಲುಗಳ ತೋಳು ಅಗಲವಾಗಿ ಚಪ್ಪಟೆಯಾಗಿದೆ. ಅದೇ, 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ದೊರೆತ ಯೂ ಮರದ ಬಿಲ್ಲುಗಳು ಕಿರಿದಾಗಿ, ದಪ್ಪವಾಗಿವೆ. ಆದರೆ ಅವುಗಳ ಉದ್ದ 1.87 ಮೀಟರಿನಿಂದ 2.11 ಮೀಟರ್, ಬಾಗದ ಹಿಡಿ ಎಂಬುದು ಅವುಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಕಿರಿದಾದ ಮರದ ತೋಳು ಬೇಕೆಂದರೆ ಬಾಗುವ ಉದ್ದವನ್ನು ಧಾರಾಳವಾಗಿ ಕೊಡಲೇಬೇಕು.

ಎರಡು ತುಂಡಿನ ಬಿಲ್ಲು ಈ ಉದ್ದವನ್ನು ಹೆಚ್ಚುಪಾಲು ಹಿಂತಿರುಗಿಸುತ್ತದೆ. ಎರಡೂ ತೋಳುಗಳ ಬುಡ ಮುಷ್ಟಿಯೊಳಗೇ ಲೋಹದ ಅಥವಾ ಫೈಬರ್‌ಗ್ಲಾಸಿನ ಕೊಳವೆಯಲ್ಲಿ ಸೇರುವುದರಿಂದ ಬಾಗದ ಭಾಗ ಒಟ್ಟು 25ರಿಂದ 30 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಅದರ ಜೊತೆಗೆ ಒಟ್ಟು ಉದ್ದವನ್ನು 70 ಇಂಚಿಗೆ ಏರಿಸಿದರೆ, 28 ಇಂಚಿನ ಎಳೆತಕ್ಕೆ ಪೂರ್ತಿ ಮರದ ತೋಳು ಯಾವ ಅಂಜಿಕೆಯೂ ಇಲ್ಲದೆ ಕೆಲಸ ಮಾಡುತ್ತದೆ. ನನ್ನ ಒಲವು ಈ ದಾರಿಯತ್ತ. ಮರದ ಬಿಲ್ಲು ಬೇಕೆಂಬ ನಿಮ್ಮ ಆಸೆ ಇದರಲ್ಲಿ ಪೂರ್ತಿಯಾಗಿ ಈಡೇರುತ್ತದೆ.

ಇನ್ನು ಒಳಪದರದ ಮಾತು. ಅತಿ ಹೆಚ್ಚು ತಪ್ಪು ಕಲ್ಪನೆಗಳಿರುವುದು ಇಲ್ಲಿ. ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಆಯತಾಕಾರದ ತೋಳಿನ ಬಿಗಿತ ಅದರ ಅಗಲಕ್ಕೆ ನೇರ ಅನುಪಾತದಲ್ಲಿಯೂ ದಪ್ಪದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. ದಪ್ಪವನ್ನು ಶೇಕಡ 10ರಷ್ಟು ಹೆಚ್ಚಿಸಿದರೆ ಬಿಗಿತ ಶೇಕಡ 33ರಷ್ಟು ಏರುತ್ತದೆ. ಇದೇ ನಿಯಮವನ್ನು ಒಳಮುಖವಾಗಿ ಅನ್ವಯಿಸಿ ನೋಡಿ: ದಪ್ಪದ ನಡುವಿನ ಅರ್ಧಭಾಗ ಒಟ್ಟು ಬಿಗಿತಕ್ಕೆ ಕೊಡುವುದು ಎಂಟನೇ ಒಂದು ಪಾಲು ಮಾತ್ರ, ಉಳಿದ ಎಂಟನೇ ಏಳು ಪಾಲು ಬೆನ್ನಿನ ಕಾಲುಭಾಗ ಮತ್ತು ಒಡಲಿನ ಕಾಲುಭಾಗದಿಂದ ಬರುತ್ತದೆ. ಹೀಗಿರುವಾಗ ಒಳಪದರಕ್ಕೆ ಬಿಗಿಯಾದ, ಅಪರೂಪದ, ದುಬಾರಿ ಮರವನ್ನು ಹಾಕಿ ಬಾಣದ ವೇಗ ಹೆಚ್ಚಿಸುವ ಪ್ರಯತ್ನದಿಂದ ಸಿಗುವ ಫಲ ಅತ್ಯಲ್ಪ. ಒಳಪದರದಿಂದ ನಾವು ನಿರೀಕ್ಷಿಸಬೇಕಾದದ್ದು ಮೂರು ಗುಣ: ಹಗುರವಾಗಿರಬೇಕು, ಅಂಟನ್ನು ಚೆನ್ನಾಗಿ ಹಿಡಿಯಬೇಕು, ಉದ್ದಕ್ಕೂ ಒಂದೇ ತೆರನಾಗಿರಬೇಕು. ಮೇಪಲ್ ದೀರ್ಘಕಾಲದ ಬಳಕೆಯಲ್ಲಿ ಹೆಸರು ಉಳಿಸಿಕೊಂಡಿರುವುದು ಈ ಮೂರೂ ಗುಣಗಳಿಂದ. ಗಟ್ಟಿ ಮೇಪಲ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 700 ಕಿಲೋಗ್ರಾಂ. ಈಪೆಯದು 1,000 ದಾಟುತ್ತದೆ. ತೋಳಿನ ನಡುವೆ ಈಪೆಯ ಬದಲು ಮೇಪಲ್ ಹಾಕಿದರೆ ಆ ಪದರದ ಭಾರ ಮೂರನೇ ಒಂದರಷ್ಟು ಇಳಿಯುತ್ತದೆ, ಬಿಗಿತ ಮಾತ್ರ ಗಮನಕ್ಕೆ ಬರುವಷ್ಟು ಇಳಿಯುವುದಿಲ್ಲ. ಅಂಚುಮುಖವಾಗಿ ಜೋಡಿಸಿದ ಬಿದಿರಿನ ಹಲಗೆಯಿಂದ ಸೀಳಿದ ಪಟ್ಟಿಯೂ ಅಷ್ಟೇ ಒಳ್ಳೆಯ ಒಳಪದರ.

ಭಾರಕ್ಕೆ ಇಷ್ಟೊಂದು ಮಹತ್ವ ಏಕೆಂದರೆ, ಹೆದೆ ಬಿಟ್ಟಾಗ ತೋಳು ತನ್ನನ್ನೂ ಬಾಣವನ್ನೂ ಒಟ್ಟಿಗೆ ಚಲಿಸಬೇಕು. ತೋಳಿನಲ್ಲಿ ಕೂಡಿಟ್ಟ ಶಕ್ತಿಯ ಒಂದು ಪಾಲು ತೋಳಿನ ಚಲನೆಗೇ ಹೋಗುತ್ತದೆ, ಹೆದೆ ನೆಟ್ಟಗಾದ ಕ್ಷಣದಲ್ಲಿ ತೋಳಿನಲ್ಲೇ ಉಳಿದ ಆ ಪಾಲು ಕೈಗೆ ಏಟಾಗಿ ತಟ್ಟುತ್ತದೆ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅತಿ ವೇಗವಾಗಿ ಚಲಿಸುವ ಹೊರ ಮೂರನೇ ಭಾಗದಲ್ಲಿ ಉಳಿಸಿದ ಒಂದು ಗ್ರಾಂ, ಬುಡದಲ್ಲಿ ಉಳಿಸಿದ ಹತ್ತಾರು ಗ್ರಾಂಗಳಿಗೆ ಸಮ. ವೇಗ ಬೇಕೆಂದರೆ ಒಳಪದರದ ಜಾತಿಯ ಚಿಂತೆ ಬಿಟ್ಟು ತುದಿಯನ್ನು ಕಿರಿದು ಮಾಡಿ. ಕೊಪ್ಪಿನ (ಹೆದೆ ಸಿಕ್ಕಿಸುವ ತುದಿಯ ಕಚ್ಚಿನ) ಬಳಿ 12 ಮಿಲಿಮೀಟರ್ ಅಗಲ ಸಾಕು. ಹಿಗ್ಗದ ಹೊಸ ನಾರಿನ ಹೆದೆ ಬಳಸುವುದಾದರೆ ಕೊಪ್ಪಿನ ಮೇಲೆ ಕೊಂಬು, ಈಪೆ ಅಥವಾ ರಾಳ ತುಂಬಿ ಒತ್ತಿದ ಬಟ್ಟೆಯ ಹಾಳೆಯಂಥ ಗಟ್ಟಿ ತುಣುಕನ್ನು ಅಂಟಿಸಬೇಕು, ಇಲ್ಲದಿದ್ದರೆ ಹೆದೆ ಮರವನ್ನು ಕೊರೆದು ಸೀಳುತ್ತದೆ.

ನಡುವಿನ ಅಂಟುಗೆರೆ ಜಾರುಬಲಕ್ಕೆ (ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲಕ್ಕೆ) ಬಿಟ್ಟುಕೊಡುತ್ತದೆ ಎಂಬ ಭಯವನ್ನು ಹಲವರು ಹೇಳಿಕೊಳ್ಳುತ್ತಾರೆ. ಜಾರುಬಲ ದಪ್ಪದ ನಡುಮಟ್ಟದಲ್ಲಿ ಗರಿಷ್ಠವಾಗಿರುತ್ತದೆ ಎಂಬುದು ನಿಜ. ಆದರೆ 35 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ತೋಳಿನ ಬುಡದಲ್ಲಿ 200 ನ್ಯೂಟನ್‌ನಷ್ಟು ಅಡ್ಡಬಲ ಬಿದ್ದರೂ ಅಲ್ಲಿನ ಜಾರು ಒತ್ತಡ ಚದರ ಮಿಲಿಮೀಟರಿಗೆ 0.7 ನ್ಯೂಟನ್ ಮಾತ್ರ. ಮೇಪಲ್‌ನಂಥ ಮರವೂ ಒಳ್ಳೆಯ ಅಂಟೂ ಇದರ ಹತ್ತು ಪಟ್ಟನ್ನು ತಾಳಬಲ್ಲವು. ಅಂಟು ಬಿಡುವುದು ಸಾಮಾನ್ಯವಾಗಿ ಬೆಣೆ ತೆಳುವಾಗಿ ಮುಗಿಯುವ ಜಾಗದಲ್ಲಿ, ಅಲ್ಲಿ ಪದರಗಳನ್ನು ಕಿತ್ತು ಬೇರ್ಪಡಿಸುವಂಥ ಬಲ ಹುಟ್ಟುವುದರಿಂದ. ಬೆಣೆಯ ತುದಿಯನ್ನು ಕಾಗದದಷ್ಟು ತೆಳುವಾಗಿಸಿ, ಅದು ತೋಳಿನೊಡನೆ ಸ್ವಲ್ಪ ಬಾಗುವಂತೆ ಮಾಡುವುದೇ ಇದಕ್ಕೆ ಪರಿಹಾರ.

ಈಗ ಬೆನ್ನು ಮತ್ತು ಒಡಲು. ಬೆನ್ನಿಗೆ ನನಗೆ ತಿಳಿದಿರುವ ಪದಾರ್ಥಗಳಲ್ಲಿ ಬಿದಿರಿಗೆ ಮೊದಲ ಸ್ಥಾನ. ಬಿದಿರಿನ ಗೋಡೆಯಲ್ಲಿ ಬಲ ಕೊಡುವ ನಾರಿನ ಕಟ್ಟುಗಳು ಹೊರಮೈ ಹತ್ತಿರ ಒತ್ತಾಗಿಯೂ ಒಳಗೆ ಹೋದಂತೆ ವಿರಳವಾಗಿಯೂ ಇರುತ್ತವೆ. ಹಾಗಾಗಿ ಬಿದಿರಿನ ಹೊರಮೈಯೇ ಬಿಲ್ಲಿನ ಬೆನ್ನಾಗಬೇಕು. ತೆಳು ಮಾಡುವ ಕೆಲಸವೆಲ್ಲ ಒಳಬದಿಯಿಂದ ನಡೆಯಬೇಕು. ಹೊರಗಿನ ಮೇಣದಂಥ ಹೊಳಪನ್ನು ಉಪ್ಪುಕಾಗದದಿಂದ ಹಗುರವಾಗಿ ತೆಗೆಯಬಹುದು, ಗಿಣ್ಣುಗಳ ಉಬ್ಬನ್ನು ಮಾತ್ರ ಸಮತಟ್ಟು ಮಾಡಬೇಡಿ. ಅಲ್ಲಿ ನಾರು ತುಂಡಾದರೆ ಬಿಲ್ಲು ಅಲ್ಲಿಂದಲೇ ಮುರಿಯುತ್ತದೆ. ಪಟ್ಟಿಯ ನಡುವಿನ ದಪ್ಪ ಬುಡದಲ್ಲಿ 3 ಮಿಲಿಮೀಟರ್, ತುದಿಯಲ್ಲಿ 2 ಮಿಲಿಮೀಟರ್ ಇದ್ದರೆ ಸಾಕು. ಇದಕ್ಕಿಂತ ದಪ್ಪದ ಬಿದಿರು ಬೆನ್ನನ್ನು ಅತಿಯಾಗಿ ಬಲಪಡಿಸಿ, ಹಿಗ್ಗದ ಮಟ್ಟವನ್ನು ತನ್ನತ್ತ ಎಳೆದುಕೊಂಡು, ಒಡಲು ಇನ್ನಷ್ಟು ಕುಗ್ಗುವಂತೆ ಮಾಡುತ್ತದೆ. ಹಿಕರಿಯೂ ಎಳೆತವನ್ನು ಅದ್ಭುತವಾಗಿ ತಾಳುತ್ತದೆ, ಏಟಿಗೆ ಜಗ್ಗುವುದಿಲ್ಲ, ಹಲಗೆಯಿಂದ ಸೀಳಿದ ಪಟ್ಟಿಯಲ್ಲಿ ಎಳೆ ನೇರವಾಗಿದ್ದರೆ ಬೆನ್ನಿಗೆ ನಿಶ್ಚಿಂತೆಯಿಂದ ಬಳಸಬಹುದು. ಆದರೆ ಅದು ಗಾಳಿಯ ತೇವವನ್ನು ಹೀರಿದಾಗ ಮಂಕಾಗುತ್ತದೆ. ಬೇರೆ ಮರಗಳಿಗೆ ಶೇಕಡ 8ರಿಂದ 10ರ ತೇವಾಂಶ ಸರಿಹೋದರೆ ಹಿಕರಿಗೆ 6ರಿಂದ 7 ಬೇಕು. ತೇವ ಹೆಚ್ಚಿರುವ ಹವೆಯಲ್ಲಿ ಹಿಕರಿಯ ಒಡಲು ಬೇಗ ಬಾಗು ಹಿಡಿಯುತ್ತದೆ; ಹಾಗಾಗಿ ಅದನ್ನು ಬೆನ್ನಿಗೆ ಮೀಸಲಿಡುವುದು ಒಳ್ಳೆಯದು.

ಒಡಲಿಗೆ ಒತ್ತಡ ತಾಳುವ ಮರ ಬೇಕು. ನಿಮ್ಮ ಪಟ್ಟಿಯಲ್ಲಿ ಅದು ಈಪೆ. ಅದು ಭಾರವಾದರೂ ತೋಳನ್ನು ಕಿರಿದಾಗಿಡಲು ಬಿಡುವುದರಿಂದ ಒಟ್ಟು ಭಾರ ಅಷ್ಟಾಗಿ ಏರುವುದಿಲ್ಲ. ಬಿದಿರಿನ ಬಲವಾದ ಬೆನ್ನಿಗೆ ಸರಿಜೋಡಿಯಾಗಿ ನಿಲ್ಲುವ ಕೆಲವೇ ಮರಗಳಲ್ಲಿ ಅದೂ ಒಂದು. ಓಸೇಜ್ ಆರೆಂಜ್ ಸಿಕ್ಕರೆ ಅದು ಈಪೆಗಿಂತ ಹಗುರ, ಕೀಸುಳಿಗೆ ಹೆಚ್ಚು ಒಗ್ಗುತ್ತದೆ, ಒತ್ತಡದಲ್ಲಿ ಅಷ್ಟೇ ನಂಬಿಕೆಗೆ ಅರ್ಹ. ಮೇಪಲ್ ಒಡಲಿಗೆ ಬೇಡ. ಬಿದಿರಿನ ಬೆನ್ನಿನ ಕೆಳಗೆ ಅದು ಸುಕ್ಕುಗಟ್ಟುವ ಸಾಧ್ಯತೆ ಹೆಚ್ಚು. ಯೂ ಮರದ ವಿಷಯವೇ ಬೇರೆ. ಅದರ ಬಿಳಿಯ ಹೊರಮರ ಎಳೆತಕ್ಕೂ ಕೆಂಪು ಒಳಮರ ಒತ್ತಡಕ್ಕೂ ಹೇಳಿ ಮಾಡಿಸಿದಂತಿರುವುದರಿಂದ, ಒಂದೇ ಕಾಂಡದಿಂದ ಅಕ್ಕಪಕ್ಕ ಸೀಳಿದ ಎರಡು ಗಿಡ್ಡ ತುಂಡುಗಳು ಸಿಕ್ಕರೆ ಪಟ್ಟಿ ಅಂಟಿಸುವ ಕೆಲಸವೇ ಇಲ್ಲದೆ ಎರಡು ತುಂಡಿನ ಬಿಲ್ಲು ಆಗುತ್ತದೆ. ಹಿಂದಿನಿಂದಲೂ ಬಿಲ್ಲು ಮಾಡುವವರು ಉದ್ದನೆಯ ದೋಷರಹಿತ ಮರ ಸಿಗದಾಗ ಇಂಥ ಜೋಡಿ ತುಂಡುಗಳನ್ನು ಹಿಡಿಯ ಬಳಿ ಬೆಸೆದೇ ಬಿಲ್ಲು ಮಾಡುತ್ತಿದ್ದರು.

ಆದ್ದರಿಂದ ಮರದ ದಾರಿಗೆ ನನ್ನ ಶಿಫಾರಸು ಹೀಗಿದೆ: ಬೆನ್ನಿಗೆ 3 ಮಿಲಿಮೀಟರ್ ಬಿದಿರು, ನಡುವೆ 4 ಮಿಲಿಮೀಟರ್ ಮೇಪಲ್, ಒಡಲಿಗೆ 6 ಮಿಲಿಮೀಟರ್ ಈಪೆ, ಬುಡದಲ್ಲಿ 36ರಿಂದ 38 ಮಿಲಿಮೀಟರ್ ಅಗಲ. ಇದು ಅಂತಿಮ ಅಳತೆಯಲ್ಲ, ಒಡಲಿನಿಂದ ತೆಗೆಯುತ್ತ ಬಾಗು ತಿದ್ದಲು ಬೇಕಾದಷ್ಟು ಹೆಚ್ಚುವರಿ ಇದರಲ್ಲಿ ಸೇರಿದೆ. ಬೆನ್ನಿನ ಅಂಚುಗಳನ್ನು ಒಡಲಿಗಿಂತ 5-6 ಮಿಲಿಮೀಟರ್ ಕಿರಿದಾಗುವಂತೆ ಓರೆಯಾಗಿ ಕೆತ್ತಿದರೆ ಬಿದಿರಿನ ಮೇಲುಗೈ ತಗ್ಗಿ ಒಡಲಿನ ಹೊರೆ ಇಳಿಯುತ್ತದೆ, ತೋಳಿನ ಭಾರವೂ ಕಡಿಮೆಯಾಗುತ್ತದೆ. ಅಂಟಿಸುವಾಗ ಪಟ್ಟಿಗಳನ್ನು ಅಚ್ಚಿನ ಮೇಲೆ ಎಳೆತದ ವಿರುದ್ಧ ದಿಕ್ಕಿಗೆ 3-4 ಸೆಂಟಿಮೀಟರ್ ಬಾಗಿಸಿ ಬಿಗಿಯಿರಿ. ಒಡಲು ಮುಂದೆ ಹಿಡಿಯಬಹುದಾದ ಬಾಗನ್ನು ಇದು ಮೊದಲೇ ಸರಿದೂಗಿಸಿಕೊಡುತ್ತದೆ.

ಗಾಜಿನ ದಾರಿ ಹಿಡಿದರೆ ಲೆಕ್ಕ ಬದಲಾಗುತ್ತದೆ. ನಾರುಗಳೆಲ್ಲ ಉದ್ದಕ್ಕೇ ಇರುವ, ಬಿಲ್ಲಿಗೆಂದೇ ತಯಾರಾದ ಗಟ್ಟಿ ಪಟ್ಟಿಯನ್ನೇ ಬಳಸಬೇಕು. ನೇಯ್ದ ಗಾಜಿನ ಬಟ್ಟೆಗೆ ರಾಳ ಬಳಿದು ಮಾಡಿದ ಪದರದಲ್ಲಿ ಅರ್ಧದಷ್ಟು ನಾರು ಅಡ್ಡಕ್ಕಿರುವುದರಿಂದ ಅದು ಈ ಕೆಲಸಕ್ಕೆ ಬಾರದು. ಉದ್ದನಾರಿನ ಗಾಜಿನ ಪಟ್ಟಿಯ ಬಿಗಿತ ಮರದ ಮೂರು ಪಟ್ಟಿಗೂ ಹೆಚ್ಚು, ಮತ್ತು ಅದು ಶೇಕಡ 2ರಷ್ಟು ಹಿಗ್ಗುವವರೆಗೂ ಒಡೆಯುವುದಿಲ್ಲ. 12 ಮಿಲಿಮೀಟರ್ ದಪ್ಪದ ತೋಳಿನ ಎರಡೂ ಬದಿಗೆ 1 ಮಿಲಿಮೀಟರ್ ಗಾಜು ಇದ್ದರೆ, ದಪ್ಪದಲ್ಲಿ ಅದರ ಪಾಲು ಆರನೇ ಒಂದಾದರೂ ಬಿಗಿತದಲ್ಲಿ ಸುಮಾರು ಶೇಕಡ 70. ನಿಮ್ಮ ಗಿಡ್ಡ ತೋಳಿಗೆ ಗಾಜು ಏಕೆ ಅನಿವಾರ್ಯ ಎಂಬುದು ಈ ಎರಡು ಗುಣಗಳಿಂದಲೇ ಸ್ಪಷ್ಟವಾಗುತ್ತದೆ. ಇಲ್ಲಿ ಒಳಪದರದ ಜಾತಿಗೆ ಇನ್ನೂ ಕಡಿಮೆ ಬೆಲೆ. ಮೇಪಲ್ ಹಾಕಿ ನಿಶ್ಚಿಂತರಾಗಿ. ಪಾರದರ್ಶಕ ಗಾಜಿನ ಕೆಳಗೆ ಅಂದದ ಎಳೆಯ ಮರದ ಅರ್ಧ ಮಿಲಿಮೀಟರ್ ಹಾಳೆಯನ್ನು ಸೇರಿಸಿದರೆ ನಿಮ್ಮ ಕಣ್ಣಿಗೆ ಬೇಕಾದ ಮರ ಕಾಣಿಸುತ್ತದೆ, ತೋಳಿನ ನಡವಳಿಕೆ ಬದಲಾಗುವುದಿಲ್ಲ. ಒಳಪಟ್ಟಿಗಳನ್ನು ಬುಡದಿಂದ ತುದಿಗೆ ಪ್ರತಿ ಮೀಟರಿಗೆ 2 ಮಿಲಿಮೀಟರಿನಂತೆ ತೆಳುವಾಗಿಸಿದ ಎರಡು ಪಟ್ಟಿಗಳಾಗಿ ಇಡುವುದು ಲಾಂಗ್‌ಬೋಗೆ ಚೆನ್ನಾಗಿ ಒಗ್ಗುವ ಕ್ರಮ. ಗಾಜಿನ ಸಾಂದ್ರತೆ ಮೇಪಲ್‌ನ ಎರಡೂವರೆ ಪಟ್ಟಿಗೂ ಹೆಚ್ಚಿದ್ದು, ಅದನ್ನು ತೆಳು ಮಾಡಲು ಬಾರದ ಕಾರಣ, ತುದಿಯ ಭಾರವನ್ನು ಅಗಲ ಇಳಿಸಿಯೇ ಕಡಿಮೆ ಮಾಡಬೇಕು.

ಕಾರ್ಬನ್ ಬೇಡ. ಅದು ಗಾಜಿಗಿಂತ ಮೂರರಷ್ಟು ಬಿಗಿ, ಆದರೆ ಅಷ್ಟು ಹಿಗ್ಗು-ಕುಗ್ಗನ್ನು ತಾಳದು; ಒತ್ತಡದಲ್ಲಂತೂ ಮುನ್ಸೂಚನೆಯಿಲ್ಲದೆ ಒಡೆಯುತ್ತದೆ. ಅಗಲವಾದ, ತೆಳುವಾದ ರಿಕರ್ವ್ (ತುದಿ ಗುರಿಯತ್ತ ಬಾಗಿರುವ ಬಿಲ್ಲು) ತೋಳು ತಿರುಚಿಕೊಳ್ಳದಂತೆ ತಡೆಯುವುದಕ್ಕೆ ಓರೆನಾರಿನ ಕಾರ್ಬನ್ ಪದರ ನೆರವಾಗುತ್ತದೆ. ಲಾಂಗ್‌ಬೋದ ಕಿರಿದಾದ ದಪ್ಪ ತೋಳಿಗೆ ಆ ತೊಂದರೆಯೇ ಇಲ್ಲ.

ಜಾತಿಯನ್ನು ಆರಿಸಿದ ಮೇಲೆ ಹಲಗೆಯನ್ನು ಆರಿಸುವ ಕೆಲಸ ಉಳಿಯುತ್ತದೆ, ಅದು ಜಾತಿಯ ಆಯ್ಕೆಗಿಂತ ಹೆಚ್ಚಿನ ಗಮನವನ್ನು ಬೇಡುತ್ತದೆ. ಎಳೆ ಪಟ್ಟಿಯ ಅಂಚಿನಿಂದ ಹೊರಗೆ ಜಾರಿಹೋಗುವ ಇಳಿಜಾರನ್ನು ಅಳೆಯಿರಿ. 20 ಸೆಂಟಿಮೀಟರ್ ಉದ್ದಕ್ಕೆ 1 ಸೆಂಟಿಮೀಟರ್ ಜಾರಿದರೆ ಬಾಗುವ ಬಲದಲ್ಲಿ ಶೇಕಡ 93 ಉಳಿಯುತ್ತದೆ. 10ಕ್ಕೆ 1 ಆದರೆ 81. 5ಕ್ಕೆ 1 ಆದರೆ 55 ಮಾತ್ರ. ಪೂರ್ತಿ ಮರದ ಬಿಲ್ಲಿನ ಬೆನ್ನಿಗೆ 20ಕ್ಕೆ 1ಕ್ಕಿಂತ ಹೆಚ್ಚಿನ ಜಾರನ್ನು ಒಪ್ಪಿಕೊಳ್ಳಬೇಡಿ. ಗಾಜಿನ ಕೆಳಗಿನ ಒಳಪದರಕ್ಕೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಹೊಳಪು ಮಾಡಿದ ಮೇಲ್ಮೈಯ ಗೆರೆಗಳು ಕೆಲವೊಮ್ಮೆ ದಾರಿ ತಪ್ಪಿಸುತ್ತವೆ, ಆದ್ದರಿಂದ ಹಲಗೆಯ ತುದಿಯಿಂದ ಒಂದು ಚಿಕ್ಕ ತುಣುಕನ್ನು ಉಳಿಯಿಂದ ಸೀಳಿ ನೋಡಿ, ಸೀಳು ಹೋಗುವ ದಿಕ್ಕೇ ನಾರಿನ ನಿಜವಾದ ದಿಕ್ಕು. ತೇವಮಾಪಕ ಇಲ್ಲದಿದ್ದರೆ ಪಟ್ಟಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ಕೆಲವು ದಿನಗಳಿಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತ ಮೇಲೆ ಅಂಟಿಸಿ.

ಕಳಚುವ ಬಿಲ್ಲಿನಲ್ಲಿ ಎರಡು ತೋಳುಗಳನ್ನು ಬೇರೆ ಬೇರೆಯಾಗಿ ಮಾಡುವುದರಿಂದ ಅವು ಒಂದನ್ನೊಂದು ಹೋಲದಿರುವ ಅಪಾಯ ಹೆಚ್ಚು. 12 ಮಿಲಿಮೀಟರ್ ದಪ್ಪದಲ್ಲಿ 0.1 ಮಿಲಿಮೀಟರ್ ವ್ಯತ್ಯಾಸವಾದರೆ ಬಿಗಿತ ಶೇಕಡ 2.5ರಷ್ಟು, ಅಂದರೆ 42 ಪೌಂಡಿನ ಬಿಲ್ಲಿನಲ್ಲಿ 1 ಪೌಂಡಿನಷ್ಟು ವ್ಯತ್ಯಾಸಕ್ಕೆ ಸಮ. ಎರಡೂ ತೋಳಿನ ಪ್ರತಿಯೊಂದು ಪದರವೂ ಒಂದೇ ಹಲಗೆಯಿಂದ, ಒಂದರ ಮಗ್ಗುಲಲ್ಲಿ ಒಂದು ಸೀಳಿದ ಪಟ್ಟಿಯಾಗಿರಬೇಕು. ಗಾಜೂ ಒಂದೇ ಉದ್ದನೆಯ ಪಟ್ಟಿಯಿಂದ ಕತ್ತರಿಸಿದ್ದಾಗಿರಬೇಕು. ಬಿದಿರಿನಲ್ಲಿ ಒಂದೇ ಗಳದ ಅಕ್ಕಪಕ್ಕದ ಸೀಳುಗಳನ್ನು ತೆಗೆದುಕೊಂಡರೆ ಗಿಣ್ಣುಗಳ ಅಂತರವೂ ಹೊಂದುತ್ತದೆ. ಒಂದೇ ದಪ್ಪಕ್ಕೆ ತಂದ ಪಟ್ಟಿಗಳನ್ನು 60 ಸೆಂಟಿಮೀಟರ್ ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ 1 ಕಿಲೋಗ್ರಾಂ ತೂಗುಹಾಕಿ, ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ಇಳಿತ ಹತ್ತಿರವಿರುವ ಪಟ್ಟಿಗಳನ್ನೇ ಜೋಡಿ ಮಾಡಿ. ಒಂದು ತೋಳಿಗೆ ಹಿಕರಿ, ಇನ್ನೊಂದಕ್ಕೆ ಬಿದಿರು ಎಂಬಂಥ ಬೆರಕೆಯನ್ನು ಮಾಡಲೇಬೇಡಿ. ಇಂದು ದಪ್ಪದಿಂದ ಸರಿದೂಗಿಸಿದರೂ ಹವೆ ಬದಲಾದಾಗ ಅವು ಒಂದೊಂದು ರೀತಿ ಬದಲಾಗುತ್ತವೆ.

ಬುಡದ ಬಗ್ಗೆ ಎರಡು ಮಾತು. ಬೋಲ್ಟಿನ ರಂಧ್ರ ಬೀಳುವ ಜಾಗದಲ್ಲಿ ತೋಳು ಬಾಗಲೇಬಾರದು. ಬೆಣೆಯನ್ನು ರಂಧ್ರದಾಚೆ ಸಾಕಷ್ಟು ದೂರ ಒಯ್ಯಬೇಕು. ಬಿಗಿದ ಬೋಲ್ಟ್ ಮರವನ್ನು ನಿಧಾನವಾಗಿ ಅದುಮಿ ತಗ್ಗು ಮಾಡುತ್ತದೆ, ಆಗ ತೋಳಿನ ಕೋನ ಬದಲಾಗಿ ಎಳೆತದ ತೂಕವೂ ಬದಲಾಗುತ್ತದೆ. ಆದ್ದರಿಂದ ಬುಡದ ಎರಡೂ ಮುಖಕ್ಕೆ ಗಾಜಿನ ಅಥವಾ ರಾಳದ ಬಟ್ಟೆಹಾಳೆಯ ತುಂಡು ಅಂಟಿಸಿ, ಅಗಲವಾದ ವಾಷರ್ ಹಾಕಿ, ರಂಧ್ರದ ಒಳಗೋಡೆಗೆ ಎಪಾಕ್ಸಿ ಅಂಟು ಬಳಿದು ತೇವ ಹೋಗದಂತೆ ಮುಚ್ಚಿ. ಬೋಲ್ಟ್ ಒಂದೇ ಇದ್ದರೆ ತೋಳು ಅದರ ಸುತ್ತ ತಿರುಗುತ್ತದೆ, ಜೊತೆಗೊಂದು ಗೂಟ ಇರಲೇಬೇಕು. ಕೊಳವೆಯ ಜೋಡಣೆಯಲ್ಲಾದರೆ ಕೊಳವೆಗೆ ಹೋಗುವ ಬುಡವನ್ನು ಎಪಾಕ್ಸಿಯಿಂದ ಪೂರ್ತಿ ಮುಚ್ಚಬೇಕು, ಇಲ್ಲದಿದ್ದರೆ ತೇವದ ದಿನಗಳಲ್ಲಿ ಉಬ್ಬಿ ಹೊರಬರಲು ಹಟ ಮಾಡುತ್ತದೆ.

ಅಂಟು ಎಪಾಕ್ಸಿಯೇ ಇರಲಿ. ಈಪೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅಂಟಿಸುವ ಮುಖವನ್ನು ಒರಟು ಉಪ್ಪುಕಾಗದದಿಂದ ಹೊಸದಾಗಿ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಪಟ್ಟಿಗಳ ನಡುವಿನ ಎಪಾಕ್ಸಿಯೆಲ್ಲ ಹೊರಬರುವಷ್ಟು ಬಿಗಿಯಬೇಡಿ, ತೆಳುಪದರ ಉಳಿಯಬೇಕು. ಸಾಧಾರಣ ಶಾಖದಲ್ಲಿ ಗಟ್ಟಿಯಾದ ಎಪಾಕ್ಸಿ ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನ ಕಾವಿನಲ್ಲಿ ಮೆತ್ತಗಾಗುತ್ತದೆ, ಹಾಗಾಗಿ ಬಿಲ್ಲನ್ನು ಅಲ್ಲಿ ಬಿಡಬಾರದು. ಗಾಜು, ಈಪೆ ಮತ್ತು ಯೂ ಮರಗಳ ಧೂಳು ಉಸಿರಾಟಕ್ಕೆ ಹಾನಿಕರ. ಯೂ ವಿಷಮರವೂ ಹೌದು. ಮೂಗು-ಬಾಯಿಗೆ ಸರಿಯಾಗಿ ಕೂರುವ ಧೂಳುಕವಚವಿಲ್ಲದೆ ಅರ ಹಿಡಿಯಬೇಡಿ.

ಕೊನೆಯದಾಗಿ, ಪಟ್ಟಿಗಳನ್ನು ಸೀಳುವಾಗ ಎರಡು ತೋಳಿಗೆ ಬೇಕಾದಷ್ಟಕ್ಕೆ ನಿಲ್ಲಿಸದೆ ಅದೇ ಹಲಗೆಯಿಂದ ಮೂರನೆಯ ತೋಳಿನ ಪಟ್ಟಿಗಳನ್ನೂ ಸೀಳಿ, ಅವುಗಳ ಇಳಿತವನ್ನು ಅವುಗಳ ಮೇಲೆಯೇ ಬರೆದು ತೆಗೆದಿಡಿ. ಕಳಚುವ ಬಿಲ್ಲಿನ ದೊಡ್ಡ ಅನುಕೂಲವೆಂದರೆ ಒಂದು ತೋಳು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು ಎಂಬುದು. ಆದರೆ ಜೊತೆಯ ಪಟ್ಟಿ ಇಲ್ಲದೆ ಹಳೆಯ ತೋಳಿಗೆ ಹೊಂದುವ ಹೊಸ ತೋಳನ್ನು ಮಾಡುವುದು ಬಹಳ ಕಷ್ಟ. ಎರಡೂ ತೋಳು ಸಿದ್ಧವಾದ ಮೇಲೆ, ಬುಡವನ್ನು ಒಂದೇ ರೀತಿಯಲ್ಲಿ ಬಿಗಿದು, ಕೊಪ್ಪಿನಿಂದ ಒಂದೇ ತೂಕ ತೂಗುಹಾಕಿ ಮತ್ತೊಮ್ಮೆ ಹೋಲಿಸಿ. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು ಬೆರಳು ಇಟ್ಟು ಎಳೆಯುವವರಾದರೆ ಸ್ವಲ್ಪ ಹೆಚ್ಚು ಬಿಗಿಯಿರುವ ತೋಳನ್ನು ಕೆಳಗೆ ಹಾಕಿ. ಹೆದೆ ಏರಿಸಿದಾಗ ತೋಳಿನ ಬುಡದ ಬಳಿ ಹೆದೆಯ ಅಂತರ ಮೇಲಿಗಿಂತ ಕೆಳಗೆ 3 ಮಿಲಿಮೀಟರಿನಷ್ಟು ಕಡಿಮೆ ಇದ್ದರೆ ಸರಿಯಾಗಿದೆ. ಮೂರೂ ಬೆರಳು ಬಾಣದ ಕೆಳಗೇ ಇಡುವವರಾದರೆ ಎರಡನ್ನೂ ಸಮವಾಗಿಡಿ.